18 ವರ್ಷ ನಿಂತಿದ್ದ ಯೆಜ್ಡಿ

ಯೆಜ್ಡಿಗೆ ಎಡಗಡೆ ಒಂದೇ ಒಂದು ಲಿವರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದು ಕಿಕ್ಕರ್; ಗಾಡಿ ಶುರುವಾದ ಮೇಲೆ ಮತ್ತೆ ಮುಂದಕ್ಕೆ ಬಾಗಿಸಿದರೆ ಅದೇ ಗೇರ್. ಹೊಸದಾಗಿ ಹತ್ತಿದವರು ಕಿಕ್ಕರ್ ಹುಡುಕುತ್ತ ಬಲಗಡೆ ಬಗ್ಗುತ್ತಾರೆ. ಅಲ್ಲಿ ಬ್ರೇಕ್ ಪೆಡಲ್ ಬಿಟ್ಟರೆ ಏನೂ ಇಲ್ಲ. ಗೇರ್ ಬದಲಿಸುವಾಗ ಕ್ಲಚ್ ಹಿಡಿಯದಿದ್ದರೂ ನಡೆಯುತ್ತದೆ, ಲಿವರ್ ತುಳಿದ ಕೂಡಲೇ ಒಳಗಿನ ಕ್ಯಾಮ್ ಒಂದು ಕ್ಲಚ್ಚನ್ನು ತಾನೇ ಬಿಡಿಸಿಕೊಡುತ್ತದೆ. ಈ ಜಾಣತನ ಬಂದದ್ದು ಚೆಕ್ ದೇಶದಿಂದ. 1929ರಲ್ಲಿ ಪ್ರಾಗ್‌ನಲ್ಲಿ ಯಾನೆಚೆಕ್ ಎಂಬಾತ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗವನ್ನು ಕೊಂಡು, ಎರಡೂ ಹೆಸರುಗಳ ಮೊದಲಕ್ಷರಗಳನ್ನು ಸೇರಿಸಿ ಜಾವಾ ಎಂದು ಹೆಸರಿಟ್ಟ. 1961ರಲ್ಲಿ ಅದು ಮೈಸೂರಿಗೆ ಬಂತು. ರುಸ್ತುಂ ಇರಾನಿಯವರ ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿ ಶುರುವಾಯಿತು. ಎಪ್ಪತ್ತರ ದಶಕದಲ್ಲಿ ಗಾಡಿಯ ಹೆಸರು ಯೆಜ್ಡಿ ಎಂದಾಯಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು. 2022ರಲ್ಲಿ ಅದೇ ಹೆಸರಿನ ಹೊಸ ಗಾಡಿಗಳು ಮಾರುಕಟ್ಟೆಗೆ ಬಂದವು. ಅವುಗಳ ಎಂಜಿನ್ ಬೇರೆ, ಸದ್ದು ಬೇರೆ. ಅವುಗಳಿಗೂ ನಮ್ಮ ಮನೆಯ ಗಾಡಿಗೂ ಇರುವುದು ಒಂದೇ ಅಡ್ಡಹೆಸರಿನ ಎರಡು ಮನೆತನಗಳ ನಡುವಿನ ಸಂಬಂಧ.

ನಮ್ಮದು 1991ರ ರೋಡ್‌ಕಿಂಗ್. 250 ಸಿಸಿ, ಒಂದು ಸಿಲಿಂಡರ್, ಎರಡು ಸೈಲೆನ್ಸರ್, ಟೂ ಸ್ಟ್ರೋಕ್. ನೋಡಿದವರೆಲ್ಲ ವಿಂಟೇಜ್ ಎನ್ನುತ್ತಾರೆ. ಕಾಯ್ದೆ ಹಾಗೆನ್ನುವುದಿಲ್ಲ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ತಂದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ಸ್ವರೂಪ ಹೆಚ್ಚು ಬದಲಾಗಿರಬಾರದು. ನಮ್ಮ ಗಾಡಿಗೆ ಆ ಮರ್ಯಾದೆ ಸಿಗಲು 2041 ಬರಬೇಕು. ಸಿಕ್ಕ ಮೇಲೂ ಲಾಭವಿಲ್ಲ. ಹಾಗೆ ನೋಂದಣಿಯಾದ ಗಾಡಿಯನ್ನು ದಿನನಿತ್ಯ ರಸ್ತೆಯ ಮೇಲೆ ಓಡಿಸುವಂತಿಲ್ಲ, ಪ್ರದರ್ಶನಕ್ಕೋ ರ್‍ಯಾಲಿಗೋ ತೆಗೆಯಬೇಕು. ನನಗೆ ಹಳೆಯ ಗಾಡಿ ಎಂಬ ಮಾತೇ ಸಾಕು. ನಂಬರ್ ಪ್ಲೇಟಿನ ಮೇಲೆ ಕೆಎ 28 ಎಂದಿದೆ, ಅಂದರೆ ವಿಜಾಪುರ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಗಾಡಿ ಜಿಲ್ಲೆಗಿಂತ ದೊಡ್ಡದು.

ಅಪ್ಪ ಸೀರೆ ಏಜೆಂಟನಾಗಿದ್ದ. ಗುಳೇದಗುಡ್ಡದಲ್ಲಿ ಖಣ ಎತ್ತಿಕೊಂಡು ಬಾದಾಮಿಯ ಅಂಗಡಿಗಳಿಗೆ ಹಾಕುವುದು, ಇಳಕಲ್ಲಿಗೆ ಹೋಗಿ ನೇಕಾರರ ಮನೆಗಳಿಂದ ಸೀರೆ ತರುವುದು, ದಾರಿಯಲ್ಲಿ ಅಮೀನಗಡ, ಹುನಗುಂದಗಳಲ್ಲಿ ಬಾಕಿ ವಸೂಲಿ ಮಾಡುವುದು. ವಾರಕ್ಕೊಂದು ಸುತ್ತು. ಅದಕ್ಕಾಗಿ ಹಳೇ ಬಾಗಲಕೋಟೆಯಲ್ಲಿ ಚಕ್ಕಡಿಯ ಗಾಲಿಗೆ ಹಳಿ ಕೂಡಿಸುತ್ತಿದ್ದ ಒಬ್ಬರಿಂದ ಗಾಡಿಯ ಹಿಂದೆ ಕಬ್ಬಿಣದ ಕ್ಯಾರಿಯರ್ ಮಾಡಿಸಿದ್ದ. ಅದು ಗಾಡಿಗೆ ಒಪ್ಪುವ ವಸ್ತುವಲ್ಲ. ಅರ್ಧ ಇಂಚಿನ ಸರಳು, ಮೂಲೆಗಳಲ್ಲಿ ಹಗ್ಗಕ್ಕೆ ಕೊಕ್ಕೆ, ಒಂದು ಕಡೆ ಸ್ವಲ್ಪ ಎತ್ತರ. 40 ಸೀರೆಗಳ ಗಂಟು ಅದರ ಮೇಲೆ ಕೂಡುತ್ತಿತ್ತು. ಭಾರಕ್ಕೆ ಹಿಂದಿನ ಮಡ್‌ಗಾರ್ಡ್ ಬಾಗಿ, ಬಾಗಿದಲ್ಲಿ ಬಿರಿದು, ಬಿರಿದಲ್ಲಿ ವೆಲ್ಡಿಂಗ್ ಬಿದ್ದು, ಅದರ ಮೇಲೆ ಬೇರೆ ಬಣ್ಣ ಬಿದ್ದಿತ್ತು.

2006ಕ್ಕೆ ಆರ್‌ಸಿಯ 15 ವರ್ಷ ಮುಗಿಯಿತು. ಅಪ್ಪನ ಮೊಣಕಾಲು ಅದಕ್ಕೂ ಮೊದಲೇ ಮುಗಿದಿತ್ತು. ಯೆಜ್ಡಿಗೆ ಕಿಕ್ ಹೊಡೆಯಲು ಕಾಲು ಬೇಕು. ಆಲಮಟ್ಟಿಯ ಹಿನ್ನೀರಿಗೆ ಊರಿನ ತಗ್ಗಿನ ಭಾಗ ಹೋಗಿ, ನಾವು ನವನಗರದ ಸೆಕ್ಟರೊಂದಕ್ಕೆ ಬಂದಿದ್ದೆವು. ಮನೆಯ ಹಿಂದೆ ತಗಡಿನ ಶೆಡ್ಡು. ಅದರಲ್ಲಿ ಗಾಡಿಯನ್ನು ನಿಲ್ಲಿಸಿ, ಮೇಲೆ ಹಳೆಯ ಸೀರೆ ಹೊದಿಸಿ, ಅಪ್ಪ ಬಸ್ಸಿನಲ್ಲಿ ಓಡಾಡತೊಡಗಿದ. ಐದು ವರ್ಷ ಹಾಗೆ ಓಡಾಡಿ ತೀರಿಕೊಂಡ. ಗಾಡಿಯ ಮಾತು ಎತ್ತಲಿಲ್ಲ, ನಾವೂ ಕೇಳಲಿಲ್ಲ. ಶೆಡ್ಡಿಗೆ ಒಂದೊಂದೇ ವಸ್ತು ಸೇರುತ್ತ ಹೋದವು: ನೀರಿನ ಡ್ರಮ್ಮು, ಮುರಿದ ತೊಟ್ಟಿಲು, ಜೋಳದ ಚೀಲಗಳು.

2024ರಲ್ಲಿ ಮಾರುವ ಮಾತು ಬಂತು. ಬೆಂಗಳೂರಿನಿಂದ ಹಳೆಯ ಗಾಡಿ ಸಂಗ್ರಹಿಸುವವರೊಬ್ಬರು ಫೋಟೊ ನೋಡಿ ಬೆಲೆ ಹೇಳಿದರು, ಒಳ್ಳೆಯ ಬೆಲೆಯೇ. ಒಂದು ಷರತ್ತು: ಆ ಕ್ಯಾರಿಯರ್ ಕತ್ತರಿಸಿ ತೆಗೆಸಿರಿ, ಗಾಡಿ ‘ಒರಿಜಿನಲ್’ ಆಗಿ ಕಾಣಬೇಕು. ಅವ್ವ ಬೆಲೆಗೆ ಒಪ್ಪಿದಳು. ಕ್ಯಾರಿಯರಿನ ಮಾತಿಗೆ ಏನೂ ಅನ್ನಲಿಲ್ಲ. ಕಳಿಸುವ ಮೊದಲು ಎಂಜಿನ್ ತಿರುಗುತ್ತದೋ ಇಲ್ಲವೋ ನೋಡೋಣವೆಂದು ನಾನು ಸ್ಪಾರ್ಕ್ ಪ್ಲಗ್ ಬಿಚ್ಚಲು ಹೋದೆ.

ಅಲ್ಲಿ ಪ್ಲಗ್ ಇರಲಿಲ್ಲ. ತೂತಿನಲ್ಲಿ ನೂಲಿನ ಬಿರಡೆ ಇತ್ತು. ಇಳಕಲ್ಲಿನ ಮಗ್ಗದಿಂದ ಉಳಿದ ಹತ್ತಿಯ ನೂಲು, ಎಣ್ಣೆಯಲ್ಲಿ ಅದ್ದಿ, ಹಗ್ಗದಂತೆ ಹೊಸೆದು, ಬಿಗಿಯಾಗಿ ತುರುಕಿದ್ದು. ಪ್ಲಗ್ಗನ್ನು ಕಾಗದದಲ್ಲಿ ಸುತ್ತಿ ಟೂಲ್ ಬಾಕ್ಸಿನಲ್ಲಿಟ್ಟಿತ್ತು. ಬಿರಡೆ ಎಳೆದು ಟಾರ್ಚ್ ಬಿಟ್ಟು ನೋಡಿದರೆ ಪಿಸ್ಟನ್ನಿನ ತಲೆಯ ಮೇಲೆ ಎಣ್ಣೆ ಒಣಗಿ ಬೆಲ್ಲದ ಪಾಕದಂತೆ ಹೆಪ್ಪುಗಟ್ಟಿತ್ತು. ಕಾರ್ಬ್ಯುರೇಟರಿನ ಬಟ್ಟಲು ಖಾಲಿ. ಪೆಟ್ರೋಲ್ ಟ್ಯಾಂಕೂ ಖಾಲಿ. ಸ್ಟ್ಯಾಂಡಿನ ಕೆಳಗೆ ಎರಡು ಕಟ್ಟಿಗೆಯ ತುಂಡು ಕೊಟ್ಟು ಎರಡೂ ಗಾಲಿಗಳನ್ನು ನೆಲ ಬಿಡಿಸಿತ್ತು. ಮುಗಿಯಿತೆಂದು ಗಾಡಿ ಬಿಟ್ಟವನು ಇಷ್ಟೆಲ್ಲ ಮಾಡುವುದಿಲ್ಲ. ಮತ್ತೆ ಹೂಡುತ್ತೇನೆ ಎಂದುಕೊಂಡವನು ಮಾಡುತ್ತಾನೆ.

ಬೆಂಗಳೂರಿಗೆ ಫೋನ್ ಮಾಡಿ ಗಾಡಿ ಕೊಡುವುದಿಲ್ಲವೆಂದೆ. ಅವ್ವನಿಗೆ ಬಿರಡೆ ತೋರಿಸಿದೆ. ಕೈಯಲ್ಲಿ ಹಿಡಿದು ನೋಡಿದಳು. "ನೂಲ ಹಾಳ ಮಾಡ್ಯಾನ ನೋಡ" ಎಂದಳು.

ಬಹಳ ಕಾಲ ನಿಂತ ಎಂಜಿನ್ನಿಗೆ ಮೊದಲ ನಿಯಮ, ಕಿಕ್ ಹೊಡೆಯಬಾರದು. ರಿಂಗುಗಳು ಸಿಲಿಂಡರಿನ ಗೋಡೆಗೆ ಅಂಟಿರುತ್ತವೆ; ಒದ್ದರೆ ರಿಂಗ್ ಮುರಿಯುತ್ತದೆ, ಗೋಡೆಗೆ ಗೀರು ಬೀಳುತ್ತದೆ. ಡೀಸೆಲ್ಲಿಗೆ ಸ್ವಲ್ಪ ಎಣ್ಣೆ ಬೆರೆಸಿ ಪ್ಲಗ್ಗಿನ ತೂತಿನಿಂದ ಸುರಿದು ಬಿಟ್ಟೆ. ಎರಡನೆಯ ದಿನ ನಾಲ್ಕನೇ ಗೇರ್ ಹಾಕಿ ಹಿಂದಿನ ಗಾಲಿಯನ್ನು ಕೈಯಿಂದ ಮೆಲ್ಲಗೆ ಹಿಂದೆ ಮುಂದೆ ಮಾಡಿದೆ, ಅಲುಗಲಿಲ್ಲ. ನಾಲ್ಕನೆಯ ದಿನ ಒಂದು ಕೂದಲೆಳೆಯಷ್ಟು ಅಲುಗಿತು. ಸಂಜೆಯ ಹೊತ್ತಿಗೆ ಗಾಲಿ ಒಂದು ಸುತ್ತು ಪೂರ್ತಿ ಬಂತು. ಹೆಡ್ ಬಿಚ್ಚಿ ನೋಡಿದರೆ ಸಿಲಿಂಡರ್ ಕನ್ನಡಿಯಂತಿತ್ತು, ಬೋರ್ ಮಾಡಿಸುವ ಅಗತ್ಯವೇ ಬೀಳಲಿಲ್ಲ. ಇಲ್ಲವಾದರೆ 65 ಮಿಲಿಮೀಟರಿನ ಸಿಲಿಂಡರನ್ನು ಕಾಲು ಮಿಲಿಮೀಟರ್ ಕೊರೆಸಿ ದೊಡ್ಡ ಪಿಸ್ಟನ್ ಹಾಕಿಸಬೇಕಿತ್ತು. ಒಂದು ಹಿಡಿ ನೂಲು, ಒಂದು ಚಮಚ ಎಣ್ಣೆ ಅದನ್ನು ತಪ್ಪಿಸಿದ್ದವು.

ಅಪ್ಪನ ಎಚ್ಚರ ಲೋಹಕ್ಕೆ ಸಾಕಾಯಿತು, ರಬ್ಬರಿಗೆ ಸಾಲಲಿಲ್ಲ. ನಮ್ಮ ಸೀಮೆಯ ಒಣ ಹವೆ ಕಬ್ಬಿಣಕ್ಕೆ ಒಳ್ಳೆಯದು. ಕರಾವಳಿಯಲ್ಲಾಗಿದ್ದರೆ ಗಾಡಿ ಎಂದೋ ಪುಡಿಯಾಗಿರುತ್ತಿತ್ತು. ಆದರೆ ಏಪ್ರಿಲ್ ತಿಂಗಳ ನಮ್ಮ ತಗಡಿನ ಶೆಡ್ಡಿನಲ್ಲಿ ಎರಡು ತಾಸು ನಿಂತರೆ ಮನುಷ್ಯನ ಮೋರೆಯೇ ಬಿರಿಯುತ್ತದೆ. ಟಯರುಗಳು ಬರಗಾಲದ ಕೆರೆಯಂತೆ ಸೀಳಿದ್ದವು. ಪೆಟ್ರೋಲ್ ಪೈಪು ಮುಟ್ಟಿದರೆ ಚಕ್ಕುಲಿಯಂತೆ ಮುರಿಯಿತು. ಟ್ಯಾಂಕಿನ ಮುಚ್ಚಳದ ವಾಷರ್ ಪುಡಿಯಾಗಿ, ಅಲ್ಲಿಂದ ಗಾಳಿಯಾಡಿ ಟ್ಯಾಂಕಿನ ಒಳಮೈ ಕೆಂಪಗಾಗಿತ್ತು. ಏರ್ ಫಿಲ್ಟರಿನಲ್ಲಿ ಇಲಿ ಸಂಸಾರ ಮಾಡಿ ಹೋಗಿತ್ತು. ವೈರುಗಳಲ್ಲಿ ಅದಕ್ಕೆ ಇಷ್ಟವಾದದ್ದು ಹಾರ್ನಿನದು ಮಾತ್ರ. ಕ್ಲಚ್ಚಿನ ಬಿರಡೆಮರದ ಪ್ಲೇಟುಗಳು ಒಂದಕ್ಕೊಂದು ಅಂಟಿ ರೊಟ್ಟಿಯ ಅಡಕಲಾಗಿದ್ದವು.

ಟ್ಯಾಂಕಿನ ಕೆಲಸ ಬೇಜಾರಿನದು, ಆದರೆ ಬಿಡುವಂತಿಲ್ಲ. ಒಳಗಿನ ತುಕ್ಕಿನ ಒಂದು ಕಣ ಬಂದು ಕಾರ್ಬ್ಯುರೇಟರಿನ ಜೆಟ್ಟಿನ ಸೂಜಿತೂತಿನಲ್ಲಿ ಕುಳಿತರೆ ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ. 50 ಹಳೆಯ ನಟ್ಟುಗಳನ್ನು ಎಣಿಸಿ ಒಳಗೆ ಹಾಕಿ, ವಿನೆಗರ್ ತುಂಬಿ, ಒಂದು ರಾತ್ರಿ ಬಿಟ್ಟು, ಮರುದಿನ ಎಳೆಯ ಮಗುವನ್ನು ತೂಗಿದಂತೆ ತೂಗಿದೆ. ಕಂದು ನೀರು ಬಂತು. ಮತ್ತೆ ತುಂಬಿದೆ, ಮತ್ತೆ ಬಂತು. ಮೂರನೆಯ ಸಲ ನೀರು ತಿಳಿಯಾಯಿತು. ಸೋಡಾ ಪುಡಿಯ ನೀರಿನಿಂದ ತೊಳೆದು, ಬಿಸಿಲಿಗಿಟ್ಟು ಒಣಗಿಸಿ, ತಡಮಾಡದೆ ಟೂಟಿ ಎಣ್ಣೆ ಸವರಿದೆ. ತೊಳೆದ ತಗಡು ಬರಿಯ ಗಾಳಿಗೂ ಗಂಟೆಯೊಳಗೆ ತುಕ್ಕು ಹಿಡಿಯುತ್ತದೆ. ನಟ್ಟು ಎಣಿಸಿ ತೆಗೆದೆ, 50.

ಇನ್ನು ಪೆಟ್ರೋಲ್. 1991ರ ಗಾಡಿ ಕುಡಿದ ಪೆಟ್ರೋಲ್ ಈಗ ಸಿಗುವುದಿಲ್ಲ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇ. 20 ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ಸಿಕ್ಕಿತು, ಆಮೇಲೆ ಅದು ಊರೂರಿಗೆ ಹಬ್ಬಿತು. ನಮ್ಮ ಜಿಲ್ಲೆಯವರು ಇದರ ಬಗ್ಗೆ ಗೊಣಗುವ ಹಾಗಿಲ್ಲ. ಮುಧೋಳ, ಜಮಖಂಡಿ ಕಡೆಯ ಕಬ್ಬು ಸಕ್ಕರೆಯಾಗುವಷ್ಟೇ ಸಲೀಸಾಗಿ ಎಥನಾಲೂ ಆಗುತ್ತದೆ, ಬೆಳೆದವರ ಬಿಲ್ಲು ಅದರಿಂದಲೂ ಬರುತ್ತದೆ. ಆದರೆ ಎಥನಾಲ್ ಗಾಳಿಯಲ್ಲಿನ ನೀರಿನ ಪಸೆಯನ್ನು ಹೀರುತ್ತದೆ. ಗಾಡಿ ವಾರಗಟ್ಟಲೆ ನಿಂತರೆ ನೀರೂ ಎಥನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯಬಹುದು. ಟ್ಯಾಂಕಿನ ನಲ್ಲಿ ಇರುವುದೂ ತಳದಲ್ಲೇ. ಹಳೆಯ ರಬ್ಬರನ್ನು ಅದು ಉಬ್ಬಿಸುತ್ತದೆ, ಕಾರ್ಬ್ಯುರೇಟರಿನ ಲೋಹದ ಮೇಲೆ ಬಿಳಿ ಬೂದಿ ಏಳಿಸುತ್ತದೆ. ದಿನವೂ ಓಡುವ ಗಾಡಿಗೆ ಇದು ದೊಡ್ಡ ಮಾತಲ್ಲ, ನಿಲ್ಲುವ ಗಾಡಿಗೆ ವಿಷ. ಎಥನಾಲ್ ತಡೆಯುವ ಪೈಪು ತರಿಸಿ ಹಾಕಿದೆ. ಮನೆಗೆ ಇನ್ನೂ ಅರ್ಧ ಫರ್ಲಾಂಗ್ ಇರುವಾಗಲೇ ನಲ್ಲಿ ಮುಚ್ಚಿ, ಬಟ್ಟಲಿನಲ್ಲಿರುವುದನ್ನು ಸುಟ್ಟು, ಗಾಡಿ ತಾನಾಗಿ ನಿಲ್ಲುವಂತೆ ಮಾಡುವುದು ಈಗ ನನ್ನ ರೂಢಿ.

ಬಿಡಿಭಾಗಗಳು ಸಿಗುತ್ತವೆ. ಕಾರ್ಖಾನೆ ಮುಚ್ಚಿ ಸುಮಾರು ಮೂರು ದಶಕವಾದರೂ ಸಿಗುವುದು ಕಂಪನಿಯ ಕೃಪೆಯಿಂದಲ್ಲ. ಯಾರೋ ಎಲ್ಲೋ ಅಚ್ಚು ಹಾಕುತ್ತಾರೆ, ಯಾರೋ ಕಟ್ಟಿಟ್ಟ ಹಳೆಯ ಮಾಲು ಹೊರತೆಗೆಯುತ್ತಾರೆ. ಡುಪ್ಲಿಕೇಟ್ ರಿಂಗ್ ನಡೆಯುತ್ತದೆ, ಡುಪ್ಲಿಕೇಟ್ ಪಾಯಿಂಟ್ ನಡೆಯುವುದಿಲ್ಲ. ಇದು ಯಾವ ಪುಸ್ತಕದಲ್ಲೂ ಇರುವ ಜ್ಞಾನವಲ್ಲ. ಇಂಥದ್ದನ್ನು ಹೇಳುವವರಿಗಾಗಿಯೇ ನಾನು ಹುನಗುಂದ, ಇಳಕಲ್ಲಿನ ದಾರಿ ಹಿಡಿದದ್ದು. ಹಳೇ ಬಾಗಲಕೋಟೆಯ ತಗ್ಗಿನಲ್ಲಿ ಗ್ಯಾರೇಜಿಟ್ಟು ಅಪ್ಪನ ಗಾಡಿ ನೋಡಿಕೊಳ್ಳುತ್ತಿದ್ದ ಮಿಸ್ತ್ರಿ, ಆ ಜಾಗ ಮುಳುಗಡೆಯಾದ ಮೇಲೆ ಮಗಳ ಊರು ಇಳಕಲ್ಲಿಗೆ ಹೋಗಿದ್ದರು. ಇದ್ದಾರೋ ಇಲ್ಲವೋ ಗೊತ್ತಿರಲಿಲ್ಲ. ಗಾಡಿಯನ್ನು ಛೋಟಾ ಹಾಥಿಯಲ್ಲಿ ಹೇರಿಕೊಂಡು ಹೊರಟೆ. ಶಿರೂರು, ಕಮತಗಿ, ಅಮೀನಗಡ. ಅಮೀನಗಡದಲ್ಲಿ ಕರದಂಟು ಕೊಂಡದ್ದು ಮಿಸ್ತ್ರಿ ಇದ್ದಾರೆಂಬ ನಂಬಿಕೆಯ ಮೇಲೆ.

ಹುನಗುಂದದಲ್ಲಿ ಒಂದು ದಿನ ನಿಂತೆ. ಅಲ್ಲಿ ಎರಡು ಕೆಲಸವಿತ್ತು, ಕಡ್ಡಿ ಸಡಿಲಾದ ಗಾಲಿಗಳನ್ನು ನೇರ ಮಾಡಿಸುವುದು, ಸೈಲೆನ್ಸರ್ ಸುಡಿಸುವುದು. ಟೂ ಸ್ಟ್ರೋಕಿನಲ್ಲಿ ಪೆಟ್ರೋಲಿನ ಜೊತೆ ಎಣ್ಣೆಯೂ ಸುಡುವುದರಿಂದ ಸೈಲೆನ್ಸರಿನ ಒಳಗೆ ಮಸಿ ಕಟ್ಟುತ್ತದೆ. ಹೊಗೆಗೆ ದಾರಿ ಸಿಗದೆ ಎಂಜಿನ್ ಉಸಿರು ಕಟ್ಟುತ್ತದೆ. ಕುಲುಮೆಯವರು ಎರಡೂ ಸೈಲೆನ್ಸರುಗಳ ಒಳಕೊಳವೆ ತೆಗೆದು ಕೆಂಡದಲ್ಲಿಟ್ಟು ತಿದಿ ಒತ್ತಿದರು. 15 ವರ್ಷದ ಓಡಾಟದ ಮಸಿ ತಾನೇ ಹೊತ್ತಿಕೊಂಡು, ಕೆಂಪಾಗಿ, ಕೊನೆಗೆ ಬೂದಿಯಾಗಿ ಉದುರಿತು. ಕುಲುಮೆಯವರು ಕ್ಯಾರಿಯರನ್ನು ಬೆರಳಿನಿಂದ ತಟ್ಟಿ, ಒಂದು ಬೆಸುಗೆ ಬಿಟ್ಟಿದೆ ಎಂದು ತೋರಿಸಿದರು. ಹಾಕಲೋ, ತೆಗೆಯಲೋ ಎಂದು ಕೇಳಿದರು. ಹಾಕಿರಿ ಎಂದೆ.

ಮಿಸ್ತ್ರಿ ಇದ್ದರು. ಇಳಕಲ್ಲಿನ ಓಣಿಯೊಂದರಲ್ಲಿ, ಮಗಳ ಮನೆಯ ಪಡಸಾಲೆಯ ಹೊರಗೆ, ಕಬ್ಬಿಣದ ಕುರ್ಚಿಯ ಮೇಲೆ. ಒಳಗೆ ಕುಣಿಮಗ್ಗದ ಸದ್ದು. ಕಣ್ಣಿಗೆ ಆಪರೇಶನ್ ಆಗಿದ್ದರೂ ಬೆಳಕು ಅಷ್ಟಾಗಿ ತಿರುಗಿರಲಿಲ್ಲ. ಗಾಡಿ ಇಳಿಸಿದಾಗ ಎದ್ದುಬಂದು ಟ್ಯಾಂಕ್ ಮುಟ್ಟಲಿಲ್ಲ, ಹ್ಯಾಂಡಲ್ ಮುಟ್ಟಲಿಲ್ಲ. ಹಿಂದಕ್ಕೆ ಹೋಗಿ ಕ್ಯಾರಿಯರಿನ ಎತ್ತರದ ಮೂಲೆಯನ್ನು ಹಿಡಿದರು. "ಸೀರಿ ಏಜೆಂಟಂದು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಹೋದನೇನಪಾ?" ಎಂದರು. ಹೌದೆಂದೆ.

ಅವರ ಮೊದಲ ಮಾತು ಕ್ರ್ಯಾಂಕಿನ ಸೀಲಿನ ಬಗ್ಗೆ. "ಉಳಿದದ್ದೆಲ್ಲ ನೀ ಮಾಡೀದಿ. ಸೀಲ ಮಾಡಿಲ್ಲ." ಟೂ ಸ್ಟ್ರೋಕ್ ಎಂಜಿನ್ನಿನ ಪ್ರಾಣ ಸಿಲಿಂಡರಿನಲ್ಲಿ ಅರ್ಧ, ಕೆಳಗಿನ ಕ್ರ್ಯಾಂಕ್‌ಕೇಸಿನಲ್ಲಿ ಅರ್ಧ ಇರುತ್ತದೆ. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಬರುವುದು ಕೆಳಗೆ. ಪಿಸ್ಟನ್ ಇಳಿಯುವಾಗ ಅದನ್ನು ಒತ್ತಿ ಮೇಲಕ್ಕೆ ಕಳಿಸುತ್ತದೆ. ಆ ಒತ್ತಡ ನಿಲ್ಲಬೇಕಾದರೆ ಕ್ರ್ಯಾಂಕಿನ ಎರಡೂ ತುದಿಯ ರಬ್ಬರ್ ಸೀಲುಗಳು ಬಿಗಿಯಾಗಿರಬೇಕು. ಬಲಗಡೆಯದು ಡೈನಮೋ ಕಡೆಗೆ. ಅದು ಹೋದರೆ ಹೊರಗಿನ ಗಾಳಿ ನುಗ್ಗಿ ಎಂಜಿನ್ ಅಡೆತಡೆಯಿಲ್ಲದೆ ಅರಚುತ್ತದೆ. ಎಡಗಡೆಯದು ಕ್ಲಚ್ಚಿನ ಎಣ್ಣೆಯ ಕಡೆಗೆ. ಅದು ಹೋದರೆ ಎಂಜಿನ್ ಆ ಎಣ್ಣೆಯನ್ನೇ ಹೀರಿ ಕುಡಿದು ಬಿಳಿ ಹೊಗೆ ಬಿಡುತ್ತದೆ. 18 ವರ್ಷ ಒಂದೇ ಭಂಗಿಯಲ್ಲಿ ಕುಳಿತ ರಬ್ಬರು ಮೆತ್ತಗಿರಲು ಸಾಧ್ಯವೇ ಇಲ್ಲ. ಎಡಗಡೆಯದನ್ನು ತಲುಪಲು ಕ್ಲಚ್ಚನ್ನೇ ಪೂರ್ತಿ ಇಳಿಸಬೇಕು, ಅದಕ್ಕೊಂದು ಪುಲ್ಲರ್ ಬೇಕು. ಅವರ ಪುಲ್ಲರ್ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿತ್ತು, ಎಣ್ಣೆಬಟ್ಟೆಯಲ್ಲಿ ಸುತ್ತಿ. ಊರು ಮುಳುಗಿದಾಗ ಗ್ಯಾರೇಜಿನಿಂದ ಏನೇನು ತಂದಿರಿ ಎಂದು ಕೇಳಿದೆ. "ಇದ. ಮತ್ತ ಪರಿಹಾರದ ಕಾಗದ" ಎಂದರು.

ಎರಡು ದಿನ ಕೆಲಸ ನಡೆಯಿತು. ಕೈ ನನ್ನದು, ಬೆರಳು ಅವರದು. ನಾನು ಬಿಚ್ಚಿ ಕೊಟ್ಟದ್ದನ್ನು ಅವರು ಮುಟ್ಟಿ ನೋಡಿ ಬಲಗಡೆಗೋ ಎಡಗಡೆಗೋ ಇಡುತ್ತಿದ್ದರು. ಬಲಗಡೆ ಬಿದ್ದದ್ದು ಮತ್ತೆ ಗಾಡಿಗೆ, ಎಡಗಡೆಯದು ಗುಜರಿಗೆ. ಪ್ರೈಮರಿ ಚೈನನ್ನು ಅಡ್ಡಡ್ಡ ಹಿಡಿದು ಅದು ಎಷ್ಟು ಜೋಲುತ್ತದೆಂದು ನೋಡಿ ಬಲಗಡೆಗಿಟ್ಟರು. ಒಳಗೆ ಅವರ ಮಗಳು ಹಾಸಿಗೆ ಕೊಂಡಿ ಹಾಕುತ್ತಿದ್ದಳು. ಇಳಕಲ್ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಹತ್ತಿಯ ಎಳೆಯ ಕುಣಿಕೆಯಲ್ಲಿ ಸೆರಗಿನ ರೇಷ್ಮೆಯದೋ ಚಮಕಾದ್ದೋ ಎಳೆಯ ಕುಣಿಕೆ ಸಿಕ್ಕಿಸಿ ಒಂದೊಂದನ್ನೇ ಕೂಡಿಸಬೇಕು. ಒಂದು ಸೀರೆಗೆ ಒಂದು ಸಲ ಈ ಕೆಲಸ, ಮುಂದಿನ ಸೀರೆಗೆ ಮತ್ತೆ ಮೊದಲಿನಿಂದ. ಒಂದು ಎಳೆ ತಪ್ಪಿದರೆ ಟೋಪ್ ತೆನಿ ಸೆರಗಿನ ಬಿಳಿ ಹಲ್ಲು ಓರೆಯಾಗುತ್ತದೆ. ಅವಳೂ ನೋಡುತ್ತಿರಲಿಲ್ಲ, ಬೆರಳಿನ ಮೇಲೇ ಲೆಕ್ಕ. ಅಪ್ಪ ತರುತ್ತಿದ್ದ ಗಂಟುಗಳಲ್ಲಿ ಇಂಥ ಮನೆಗಳ ಸೀರೆಗಳೇ ಇರುತ್ತಿದ್ದವು. ಬೆಲೆಯ ಚೌಕಾಸಿಯಲ್ಲಿ ಅಪ್ಪ ಮಹಾ ಜಿಪುಣನಾಗಿದ್ದನೆಂದು ಅವಳು ಒಳಗಿನಿಂದಲೇ ಹೇಳಿದಳು. ಅದನ್ನು ಕೇಳಲು ನನಗೆ ವಿಚಿತ್ರ ಖುಷಿಯಾಯಿತು. ತೀರಿಕೊಂಡವರ ಬಗ್ಗೆ ಯಾರೂ ಹಾಗೆ ಮಾತಾಡುವುದಿಲ್ಲ.

ಕೊನೆಯ ಕೆಲಸ ಪಾಯಿಂಟಿನದು. ಬಲಗಡೆಯ ಮುಚ್ಚಳದೊಳಗೆ ಎರಡು ಪುಟ್ಟ ಲೋಹದ ತುದಿಗಳು ಕ್ರ್ಯಾಂಕಿನ ಪ್ರತಿ ಸುತ್ತಿಗೂ ಒಮ್ಮೆ ಅಗಲುತ್ತವೆ. ಅಗಲಿದ ಕ್ಷಣವೇ ಪ್ಲಗ್ಗಿನಲ್ಲಿ ಕಿಡಿ. ಪೂರ್ತಿ ಅಗಲಿದಾಗ ನಡುವೆ 0.4 ಮಿಲಿಮೀಟರ್ ಇರಬೇಕು. ಅಗಲುವುದು ಪಿಸ್ಟನ್ ತುದಿ ಮುಟ್ಟಲು ಇನ್ನು ಕೆಲವೇ ಮಿಲಿಮೀಟರ್ ಉಳಿದಾಗ ಆಗಬೇಕು. ಈಗಿನವರು ಇದಕ್ಕೆ ಬಲ್ಬು ಕಟ್ಟಿ ನೋಡುತ್ತಾರೆ. ಮಿಸ್ತ್ರಿ ಪೆಟ್ಟಿಗೆಯಿಂದ ಸಿಗರೇಟ್ ಸುತ್ತುವ ತೆಳು ಕಾಗದದ ಪುಟ್ಟ ಪ್ಯಾಕು ತೆಗೆದರು. ಒಂದು ಹಾಳೆಯನ್ನು ಪಾಯಿಂಟಿನ ನಡುವೆ ಸಿಕ್ಕಿಸಿ, ಮೆಲ್ಲಗೆ ಎಳೆದು ಹಿಡಿದು, ನನಗೆ ಎಂಜಿನ್ ತಿರುಗಿಸಲು ಹೇಳಿದರು. ಕಾಗದ ಜಾರಿದ ಕ್ಷಣ "ಹಾಂ" ಎಂದರು. ಅಲ್ಲಿಗೆ ಟೈಮಿಂಗ್ ಸಿಕ್ಕಿತು.

ಆ ಪ್ಯಾಕಿಗೂ ಒಂದು ಕಥೆಯಿದೆ. ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಜನರ ದುಶ್ಚಟಗಳನ್ನು ಭಿಕ್ಷೆ ಬೇಡುತ್ತಿದ್ದುದು ನಾಡಿಗೇ ಗೊತ್ತು. ಮಿಸ್ತ್ರಿ ಈ ಊರಿಗೆ ಬಂದ ಹೊಸತರಲ್ಲಿ ತಮ್ಮ ಧೂಮಪಾನವನ್ನು ಆ ಜೋಳಿಗೆಗೆ ಹಾಕಿದವರು. ಹೊಗೆಸೊಪ್ಪು ಹಾಕಿದರಂತೆ, ಕಡ್ಡಿಪೆಟ್ಟಿಗೆ ಹಾಕಿದರಂತೆ, ಕಾಗದ ಮಾತ್ರ ಹಾಕಲಿಲ್ಲ. "ಅದು ಚಟ ಅಲ್ಲ, ಟೂಲು" ಎಂದರು. ಹಳೆಯ ಗಾಡಿಯ ಹುಚ್ಚನ್ನು ಜೋಳಿಗೆಗೆ ಹಾಕುವಂತಿದ್ದರೆ ಅವ್ವ ನನ್ನನ್ನು ಎಂದೋ ಎಳೆದುಕೊಂಡು ಹೋಗಿರುತ್ತಿದ್ದಳು.

ಮೂರನೆಯ ಕಿಕ್ಕಿಗೆ ಗಾಡಿ ಕೆಮ್ಮಿತು, ಐದನೆಯದಕ್ಕೆ ಹಿಡಿಯಿತು. ಮೊದಲು ಎಣ್ಣೆಯ ದಟ್ಟ ಹೊಗೆ, ಆಮೇಲೆ ತೆಳುವಾಯಿತು, ಆಮೇಲೆ ಆ ಸದ್ದು. ಅದನ್ನು ಬರೆಯಲು ಹೋಗುವುದಿಲ್ಲ. ಕೇಳಿದವರಿಗೆ ಹೇಳಬೇಕಾಗಿಲ್ಲ.

ಆರ್‌ಸಿ ನವೀಕರಣಕ್ಕೆ ಒಂದು ಮಳೆಗಾಲ ಹಿಡಿಯಿತು. ಛಾಸಿ ನಂಬರಿನ ಅಚ್ಚು, ವಿಮೆ, ಹೊಗೆ ಪರೀಕ್ಷೆ, ಇನ್‌ಸ್ಪೆಕ್ಟರರ ತಪಾಸಣೆ. ಅದು ಮುಗಿದ ಮೇಲೆಯೇ ರಸ್ತೆಗೆ ಇಳಿಸಿದೆ. ಮೊದಲ ದೊಡ್ಡ ಓಟಕ್ಕೆ ಆರಿಸಿಕೊಂಡದ್ದು ಅಪ್ಪನ ಸುತ್ತಿನ ಇನ್ನರ್ಧ, ಗುಳೇದಗುಡ್ಡದ ಮೇಲಿನಿಂದ ಬಾದಾಮಿ. ಹೊಸ ರಿಂಗು ಕೂಡುವವರೆಗೆ 40ರ ಮೇಲೆ ಓಡಿಸುವಂತಿಲ್ಲ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಜಾರುವಂತೆಯೂ ಇಲ್ಲ. ಇದು ಟೂ ಸ್ಟ್ರೋಕಿನ ವಿಚಿತ್ರ: ಎಂಜಿನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆ, ಲೀಟರಿಗೆ 40 ಮಿಲಿಲೀಟರ್. ಪೆಟ್ರೋಲ್ ನಿಲ್ಲಿಸಿದರೆ ಎಣ್ಣೆಯೂ ನಿಲ್ಲುತ್ತದೆ, ಇಳಿಜಾರಿನಲ್ಲಿ ಗಾಲಿ ಎಂಜಿನ್ನನ್ನು ಒಣಗಿದಲ್ಲೇ ತಿರುಗಿಸುತ್ತದೆ, ಪಿಸ್ಟನ್ ಹಿಡಿಯುತ್ತದೆ. ಹಾಗಾಗಿ ಇಳಿಯುವಾಗಲೂ ಆಗಾಗ ಕಿವಿ ಹಿಂಡುತ್ತಿರಬೇಕು. ಅಪ್ಪ ಗುಡ್ಡ ಇಳಿಯುವಾಗ ಸುಮ್ಮಸುಮ್ಮನೆ ರೇಸ್ ಮಾಡುತ್ತಿದ್ದನೆಂದು ಚಿಕ್ಕಂದಿನಲ್ಲಿ ನಾನು ಹಿಂದೆ ಕೂತು ಹೆಮ್ಮೆ ಪಡುತ್ತಿದ್ದೆ. ಅದು ಎಂಜಿನ್ನಿಗೆ ಎಣ್ಣೆ ಉಣಿಸುವುದಾಗಿತ್ತು.

ಬಾದಾಮಿಯಲ್ಲಿ ಅಗಸ್ತ್ಯ ತೀರ್ಥದ ಕಡೆಯ ಒಂದು ನೆರಳಿನಲ್ಲಿ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿದೆ. ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆ, ಕಪ್ಪಗಿದ್ದರೆ ಹೆಚ್ಚು. ಸುತ್ತಲಿನ ಬಂಡೆಯ ಬಣ್ಣವೇ ಇತ್ತು, ಅಂದರೆ ಸರಿ. ಮೇಲೆ ಮೂರನೆಯ ಗುಹೆಯಲ್ಲಿ 578ರ ಶಾಸನವಿದೆ. ಅದರ ಮುಂದೆ 1991ರ ಗಾಡಿಯನ್ನು ಹಳೆಯದೆನ್ನಲು ನಾಚಿಕೆಯಾಗಬೇಕು. ಆದರೆ ಬಂಡೆಗೆ ವಾಷರ್ ಇಲ್ಲ, ಸೀಲ್ ಇಲ್ಲ. ಒಂದಿಬ್ಬರು ಪ್ರವಾಸಿಗಳು ಫೋಟೊ ತೆಗೆದುಕೊಂಡರು. ಒಬ್ಬ ಹುಡುಗ, ಈ ಕ್ಯಾರಿಯರ್ ತೆಗೆಸಿದರೆ ಮಸ್ತ್ ಕಾಣುತ್ತದೆ ಎಂದ. ಅದರ ಮೇಲೆ ಗುಳೇದಗುಡ್ಡದಿಂದ ಅವ್ವನಿಗೆ ಕೊಂಡ ಖಣದ ಗಂಟು ಇತ್ತು.

300 ಕಿಲೋಮೀಟರ್ ಆಗುವ ಹೊತ್ತಿಗೆ ಕಿಕ್ಕಿಗೆ ಹಿಡಿಯುವುದು ಸ್ವಲ್ಪ ತಡವಾಗತೊಡಗಿತು. ಹೊಸ ಪಾಯಿಂಟಿನ ಹಿಮ್ಮಡಿ ಮೊದಮೊದಲು ಬೇಗ ಸವೆಯುತ್ತದೆ, ಸವೆದಂತೆ ಅಂತರ ಕಿರಿದಾಗುತ್ತದೆ. ಮತ್ತೆ ಇಳಕಲ್ಲಿಗೆ ಹೋದೆ, ಈ ಸಲ ಗಾಡಿಯ ಮೇಲೇ. ಹುನಗುಂದ ದಾಟಿದ ಮೇಲೆ ಹೆದ್ದಾರಿ 50ರಲ್ಲಿ ಗ್ರಾನೈಟ್ ಹೇರಿದ ಲಾರಿಗಳು ನನ್ನನ್ನು ಹಿಂದೆ ಹಾಕುತ್ತ ಹೋದವು. ಮಿಸ್ತ್ರಿ ಓಣಿಯ ತಿರುವಿಗೇ ಸದ್ದು ಕೇಳಿ ಎದ್ದು ನಿಂತಿದ್ದರು. "ಪಾಯಿಂಟ ಕೂಡೇತಿ" ಎಂದರು, ನಾನು ಇಳಿಯುವ ಮೊದಲೇ.

ಈ ಸಲ ಅವರು ಕುರ್ಚಿ ಬಿಟ್ಟು ಏಳಲಿಲ್ಲ. ಪೆಟ್ಟಿಗೆ ತರಲು ಹೇಳಿದರು, ಮುಚ್ಚಳ ಬಿಚ್ಚಲು ಹೇಳಿದರು. ಸ್ಕ್ರೂ ಸಡಿಲಿಸಿ ಅಂತರ ಹೊಂದಿಸಿ, ಕಾಗದ ಸಿಕ್ಕಿಸಿ, ಒಂದು ಕೈಯಲ್ಲಿ ಎಳೆದು ಹಿಡಿದು ಇನ್ನೊಂದು ಕೈಯಲ್ಲಿ ಎಂಜಿನ್ ತಿರುಗಿಸಿದೆ. ಕಾಗದ ಜಾರಿತು. ನಾನು "ಹಾಂ" ಎಂದೆ. ಕಿಕ್ ಹೊಡಿ ಎಂದರು. ಎರಡನೆಯದಕ್ಕೆ ಹಿಡಿಯಿತು. ಕುರ್ಚಿಯ ಮೇಲೆ ತಲೆ ಒಂದು ಕಡೆ ವಾಲಿಸಿ ಬಹಳ ಹೊತ್ತು ಕೇಳಿದರು. ಒಳಗೆ ಮಗ್ಗ ನಿಂತಿತ್ತು, ಮಗಳೂ ಬಾಗಿಲಿಗೆ ಬಂದಿದ್ದಳು. ಬಂದ್ ಮಾಡು ಎಂದರು. ಬಂದ್ ಮಾಡಿದೆ.

ಕಾಗದದ ಪ್ಯಾಕನ್ನು ಪೆಟ್ಟಿಗೆಗೆ ಹಾಕಲು ಹೋದಾಗ ನನ್ನ ಕೈ ಹಿಡಿದರು.

"ಅಲ್ಲಿ ಯಾಕ ಇಡ್ತಿ? ಕಿಸೇದಾಗ ಇಟ್ಕೊ. ಇನ್ನ ಒಂಬತ್ತ ಹಾಳಿ ಅದಾವ, ನೋಡಿ ಬಳಸು."